ಕಂಬದ ಸಂದಿನ ಗಿಳಿಹಸಿರು

ಮೊನ್ನೆ ನಿಮ್ಮಿಬ್ಬರಲ್ಲಿ ಚಿಕ್ಕವಳು ಪಡಸಾಲೆಯ ಕಂಬದ ಕೆತ್ತನೆಯೊಳಗೆ ಪಿನ್ನು ಹಾಕಿ ಕೆರೆಯುತ್ತ ಕುಳಿತಿದ್ದಳು. "ಅಜ್ಜಿ, ಇದರೊಳಗ ಗಿಳಿ ಸಿಕ್ಕೊಂಡೈತಿ" ಎಂದಳು. ಹೋಗಿ ನೋಡಿದರೆ ಗಿಳಿಯಲ್ಲ, ಮರದ ಹೂವಿನ ಎಸಳಿನ ಸಂದಿಯಲ್ಲಿ ಉಗುರಿನ ತುದಿಯಷ್ಟು ಹಸಿರು ಬಣ್ಣ. "ಕೆರೀಬ್ಯಾಡವ್ವ, ಅದು ನಮ್ಮ ಮನಿ ಇತಿಹಾಸ" ಎಂದುಬಿಟ್ಟೆ. ಅಷ್ಟಕ್ಕೇ ದೊಡ್ಡವನು ಬೆನ್ನು ಹತ್ತಿದ. ಇತಿಹಾಸ ಅಂದರೆ ಹಂಪಿಯಲ್ಲಿ ಇರುತ್ತದೆ, ಟಿಕೆಟ್ ಇರುತ್ತದೆ, ಕಡ್ಡಿರಾಂಪುರದಲ್ಲಿರುವ ನಮ್ಮ ಮನೆಗೆ ಅದು ಎಲ್ಲಿಂದ ಬಂತು ಎಂದು ಅವನ ತಕರಾರು.

ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಅದಕ್ಕೇ ಅವನ ಹಳೆಯ ನೋಟುಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ. ಮೊದಲ ಹಾಳೆಗಳಲ್ಲಿ ಅವನ ಗಣಿತವಿದೆ, ಮುಕ್ಕಾಲು ತಪ್ಪು. ಹಾಗಾಗಿ ನನ್ನ ತಪ್ಪುಗಳಿಗೆ ಇಲ್ಲಿ ಜೊತೆಯಿದೆ.

ನನ್ನ ನಾಚಿಕೆಗೂ ಕಂಬಕ್ಕೂ ಹಳೆಯ ನಂಟು. ಮೆಟ್ರಿಯಲ್ಲಿ ನಾನು ಕಲಿತ ಶಾಲೆಗೆ ಕಟ್ಟಡವಿರಲಿಲ್ಲ. ಹನುಮಪ್ಪನ ಗುಡಿಯ ಮಂಟಪವೇ ಶಾಲೆ. ನಾಲ್ಕು ಸಾಲು, ಸಾಲಿಗೆ ಮೂರರಂತೆ ಹನ್ನೆರಡು ಕಲ್ಲುಕಂಬ. ನಮ್ಮ ಮೇಷ್ಟ್ರು ಆ ಕಂಬಗಳನ್ನೇ ಮುಟ್ಟಿಸಿ ಮುಟ್ಟಿಸಿ ಮಗ್ಗಿ ಕಲಿಸಿದರು. ಒಂದೊಂದು ಕಂಬ ಮುಟ್ಟಿದಾಗ ಒಂದೊಂದು ಮಗ್ಗಿ. ಹನ್ನೆರಡರವರೆಗೆ ನನ್ನನ್ನು ಯಾರೂ ಸೋಲಿಸುವಂತಿರಲಿಲ್ಲ. ಹದಿಮೂರರ ಮಗ್ಗಿ ಇವತ್ತಿಗೂ ಬರುವುದಿಲ್ಲ. ನಮ್ಮ ಗುಡಿಗೆ ಹದಿಮೂರನೆಯ ಕಂಬವೇ ಇರಲಿಲ್ಲವಲ್ಲ!

ಮಗ್ಗಿ ಮುಗಿದ ಮೇಲೆ ನಾನು ಮೂಲೆಯ ಕಂಬದ ಹಿಂದೆ ಸೇರಿಕೊಳ್ಳುತ್ತಿದ್ದೆ. ಪ್ರಶ್ನೆ ಕೇಳುವಾಗ ಮೇಷ್ಟ್ರಿಗೆ ನನ್ನ ಒಂದು ಕಣ್ಣು, ಅರ್ಧ ಜಡೆ ಮಾತ್ರ ಕಾಣಬೇಕು. "ಏ ಹುಡುಗಿ, ಹಿಂಗ ಕಂಬದ ಹಿಂದ ಕುಂತ್ರ ಪರೀಕ್ಷಿಗೆ ಕಂಬ ಪಾಸಾಗತೈತಿ, ನೀ ಫೇಲಾಗ್ತಿ" ಎನ್ನುತ್ತಿದ್ದರು. ಆದದ್ದೂ ಹಾಗೆಯೇ. ನಾಲ್ಕನೆಯ ಇಯತ್ತೆಗೆ ನನ್ನ ಓದು ನಿಂತಿತು. ಕಂಬ ಇನ್ನೂ ಅಲ್ಲೇ ನಿಂತಿದೆ.

ಇನ್ನು ಸಿನಿಮಾ. ಕಂಪ್ಲಿಗೆ ಟೆಂಟು ಬಂದಾಗ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಟೆಂಟಿನ ನೆಲದ ತುಂಬ ಮರಳು. ಮುಂದಿದ್ದವರು ಮರಳು ಗುಡ್ಡೆ ಹಾಕಿಕೊಂಡು ಎತ್ತರ ಕುಳಿತರೆ, ಹಿಂದಿನವರು ಅದಕ್ಕಿಂತ ಎತ್ತರದ ಗುಡ್ಡೆ ಹಾಕುತ್ತಿದ್ದರು. ಸಿನಿಮಾ ಶುರುವಾಗುವ ಹೊತ್ತಿಗೆ ಕೊನೆಯ ಸಾಲಿನ ಹೆಂಗಸರು ಮಾತಂಗ ಪರ್ವತದ ಮೇಲೆ ಕುಳಿತಂತೆ ಕಾಣುತ್ತಿದ್ದರು. ನನಗೆ ಅಂಥ ಉಸಾಬರಿ ಇರಲಿಲ್ಲ. ಟೆಂಟನ್ನು ಎತ್ತಿ ನಿಲ್ಲಿಸಿದ ನಡುಗಂಬದ ಹಿಂದೆ ನನ್ನ ಜಾಗ. ಅಲ್ಲಿಂದ ಪರದೆ ಅರ್ಧವೇ ಕಾಣುತ್ತಿತ್ತು. ನಾಯಕ ನನ್ನ ಕಡೆಗಿದ್ದರೆ ನಾಯಕಿ ಕಂಬದ ಆಚೆ. ಅವರಿಗೆ ಮದುವೆಯಾಯಿತೋ ಇಲ್ಲವೋ ಆ ಕಂಬಕ್ಕೇ ಗೊತ್ತು.

ನನ್ನ ಮದುವೆಯಂತೂ ಆಯಿತು. ಈ ಮಾಳಿಗೆ ಮನೆಗೆ ಸೊಸೆಯಾಗಿ ಬಂದೆ. ಮಣ್ಣಿನ ಗೋಡೆ, ಮೇಲೆ ಮರದ ಜಂತಿ, ಅದರ ಮೇಲೆ ಮತ್ತೆ ಮಣ್ಣು, ಬೀದಿಗೆ ಕಟ್ಟೆ, ಒಳಗೆ ಪಡಸಾಲೆ. ಪಡಸಾಲೆಯಲ್ಲಿ ನಾಲ್ಕು ತೇಗದ ಕಂಬ. ಹೊಸ್ತಿಲು ದಾಟಿದವಳು ಗಂಡನ ಮುಖಕ್ಕಿಂತ ಮೊದಲು ಅಡುಗೆಮನೆ ಬಾಗಿಲ ಪಕ್ಕದ ಕಂಬವನ್ನು ನೋಡಿದೆ. ಇದು ಸಾಕು, ಇಲ್ಲಿ ಬದುಕಬಹುದು ಅನ್ನಿಸಿತು.

ನಿಮ್ಮಜ್ಜ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ನಾಲ್ಕು ಜನರೆದುರು ಹೆಂಡತಿಯನ್ನು ಕೂಗುವುದು ಆಗ ಮರ್ಯಾದೆಯಲ್ಲ. ಅವರದೂ ನನ್ನಂಥದೇ ಸ್ವಭಾವ, 'ಲೇ' ಎನ್ನುವುದಕ್ಕೂ ನಾಲಿಗೆ ಏಳದು. ಅವರು ಕಂಬಕ್ಕೆ ಆ ಕಡೆಯಿಂದ ಒರಗಿ ಕೂರುತ್ತಿದ್ದರು, ನಾನು ಈ ಕಡೆ. ಬೇಕಾದಾಗ ಬೆಳ್ಳಿಯುಂಗುರದಿಂದ ಕಂಬಕ್ಕೆ ಬಡಿಯುತ್ತಿದ್ದರು. ಒಂದು ಬಡಿದರೆ ನೀರು, ಎರಡು ಬಡಿದರೆ ಚಹಾ, ಮೂರಾದರೆ ಊಟ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಮ್ಮ ಸಂಸಾರ ಹೀಗೆ ನಡೆಯಿತು. ಒಮ್ಮೆ ಭಜನೆಯ ಮಾಸ್ತರೊಬ್ಬರು ಬಂದವರು ಅದೇ ಕಂಬಕ್ಕೆ ಒರಗಿ ಪದ ಹೇಳುತ್ತ ತಾಳ ಹಾಕಿದರು. ನಾನು ಒಳಗಿನಿಂದ ನಾಲ್ಕು ಸಲ ಚಹಾ, ಆರು ಸಲ ನೀರು ತಂದುಕೊಟ್ಟೆ. ಪದ ಮುಗಿಯುವ ಹೊತ್ತಿಗೆ ಎಲೆ ಹಾಕಿ ಅನ್ನವನ್ನೂ ಬಡಿಸಿದ್ದೆ. "ಇಂಥಾ ಉಪಚಾರ ಎಲ್ಲೂ ಕಂಡಿಲ್ಲ ತಾಯಿ" ಎಂದು ಕೈ ಮುಗಿದು ಹೋದರು ಪಾಪ. ನಿಮ್ಮಜ್ಜ ಅಂದು ನಕ್ಕಷ್ಟು ಮತ್ತೆಂದೂ ನಗಲಿಲ್ಲ.

ನಿಮ್ಮಜ್ಜ ತೀರಿಹೋದ ಮೇಲೆ ಕಂಬದ ಆ ಕಡೆಯಲ್ಲಿ ತಲೆಯೆತ್ತರದ ಒಂದು ಕಪ್ಪು ಗುರುತು ಉಳಿಯಿತು. ಒರಗಿ ಒರಗಿ ತಲೆಯೆಣ್ಣೆ ಇಳಿದು ಆದ ಗುರುತು. ನಾನು ಅದನ್ನು ಒರೆಸುತ್ತಿರಲಿಲ್ಲ. ಮನೆ ಒರೆಸುವ ಹೆಂಗಸು ಒಂದು ಜಾಗ ಯಾಕೆ ಬಿಡುತ್ತಾಳೆ ಎಂದು ಯಾರೂ ಕೇಳಲೂ ಇಲ್ಲ.

ಆಮೇಲೆ ಬಂತು ನೋಡಿ ಗಣಿಯ ಕಾಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಹೊರಟವು. ಬೆಳಿಗ್ಗೆ ಕಸ ಗುಡಿಸಿದರೆ ಮಧ್ಯಾಹ್ನಕ್ಕೆ ಕಟ್ಟೆಯ ಮೇಲೆ ಕೆಂಪು ಧೂಳು. ಬಿಳಿ ಎಮ್ಮೆ ಯಾರೂ ಕಂಡಿಲ್ಲ, ನಾವು ಕೆಂಪು ಎಮ್ಮೆ ಕಂಡೆವು. ನನ್ನ ಮೈದುನ ಪಂಪಾಪತಿ, ಅಂದರೆ ನಿಮ್ಮ ಸಣ್ಣಜ್ಜ, ಎರಡು ಟಿಪ್ಪರ್ ತೆಗೆದುಕೊಂಡ. ಕೈಗೆ ಎರಡು ಫೋನು, ಕೊರಳಿಗೆ ಸರ, ಕಣ್ಣಿಗೆ ಕಪ್ಪು ಕನ್ನಡಕ. ಕೆಟ್ಟವನಲ್ಲ ಮಾರಾಯ್ತಿ. ಅಣ್ಣ ಹೋದ ಮೇಲೆ ನಿಮ್ಮಮ್ಮನನ್ನು ಹೊಸಪೇಟೆಯ ಕಾಲೇಜಿಗೆ ಸೇರಿಸಿದವನು, ಬಸ್ಸು ತಪ್ಪಿದರೆ ತನ್ನ ಟಿಪ್ಪರಿನಲ್ಲೇ ಇಳಿಸಿ ಬಂದವನು ಅವನೇ. ಆದರೆ ಹೊಸಪೇಟೆಯ ಹೊಸ ಮನೆಗಳನ್ನು ನೋಡಿ ಅವನ ತಲೆ ತಿರುಗಿತ್ತು.

ಅಂಥ ಒಂದು ಮನೆಯ ಗೃಹಪ್ರವೇಶಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಎದುರಿಗೆಲ್ಲ ನೀಲಿ ಗಾಜು. ಬೀದಿಗೆ ಕಟ್ಟೆಯಿಲ್ಲ, ದಾರಿಹೋಕ ಕೂರಬಾರದೆಂದು ಎತ್ತರದ ಕಾಂಪೌಂಡು, ಕಬ್ಬಿಣದ ಗೇಟು. ಒಳಗೆ ನೆಲವೆಲ್ಲ ಕನ್ನಡಿಯಂತೆ. ನಾನು ಸೆರಗು ಬಿಗಿಹಿಡಿದು, ಸೂಳೆಕೆರೆಯಷ್ಟು ಅಗಲದ ಆ ಹಾಲ್‌ನಲ್ಲಿ ಬಾತುಕೋಳಿಯ ಹಾಗೆ ನಡೆದೆ. ಅವಿತುಕೊಳ್ಳಲು ಒಂದು ಕಂಬವಿಲ್ಲ! ಸೋಫಾದ ಮೇಲೆ ಕೂರಿಸಿದರು. ಅದು ನನ್ನನ್ನು ಅರ್ಧ ನುಂಗಿತು. ಏಳಲು ಬಾರದೆ, ಯಾರನ್ನಾದರೂ ಕರೆಯಲು ನಾಚಿಕೆಯಾಗಿ, ಊಟದ ಮೂರು ಪಂಕ್ತಿ ಮುಗಿದರೂ ಅಲ್ಲೇ ಇದ್ದೆ. ಕೊನೆಗೆ ಪಂಪಾಪತಿಯೇ ಕೈಹಿಡಿದು ಎಬ್ಬಿಸಿದ.

ಮನೆಗೆ ಬರುತ್ತಲೇ ಅವನು ಒಂದು ಹಾಳೆ ಬಿಡಿಸಿದ.

"ಅತ್ತಿಗೆಮ್ಮ, ಇಲ್ನೋಡ್ರಿ, ಪ್ಲಾನ್ ಹಾಕಸೀನಿ. ಈ ಮನಿ ಪೂರಾ ಕೆಡವಿ ಹಂಗ ಒಂದು ಎತ್ತೋದು. ಹಾಲ್ ಎಷ್ಟು ದೊಡ್ಡದು ನೋಡ್ರಿ! ಒಂದೂ ಕಂಬ ಇರಂಗಿಲ್ಲ. ಕ್ರಿಕೆಟ್ ಆಡಬೋದು."

"ಹೂಂ" ಎಂದೆ.

ನನ್ನ ಹೂಂಗೆ ಏಳೆಂಟು ಅರ್ಥಗಳಿವೆ. ಅವನಿಗೆ ಗೊತ್ತಿದ್ದದ್ದು ಒಂದೇ. ಯುಗಾದಿ ಮುಗಿದ ಮರುವಾರ ಜೆಸಿಬಿ ಬರುವುದೆಂದು ಗೊತ್ತುಮಾಡಿ ಬಂದ. ನಾನು ಅಡುಗೆಮನೆಯಲ್ಲಿ ಪಾತ್ರೆಗಳಿಗೆಲ್ಲ "ಬ್ಯಾಡ, ಬ್ಯಾಡ" ಎಂದು ಹೇಳಿದೆ. ಹೊರಗೆ ಬಂದರೆ ಬಾಯಲ್ಲಿ ಮತ್ತೆ ಹೂಂ.

ಅಷ್ಟರಲ್ಲಿ ನಳಿನಿ ಮೇಡಂ ಬಂದರು. ಬೆಂಗಳೂರಿನ ಕಾಲೇಜಿನಲ್ಲಿ ಮನೆ ಕಟ್ಟುವ ವಿದ್ಯೆ ಕಲಿಸುವವರು. ಹಂಪಿಯ ಮಂಟಪಗಳನ್ನು ಅಳೆಯಲು ಹತ್ತು ಹುಡುಗಿಯರನ್ನು ಕರೆತಂದವರು, ದಾರಿಯಲ್ಲಿ ನಮ್ಮ ಕಟ್ಟೆಯ ಮೇಲೆ ನೀರು ಕುಡಿಯಲು ಕುಳಿತರು. ಕುಳಿತವರು ಒಳಗೆ ಇಣುಕಿದರು. ಇಣುಕಿದವರು ನಾಲ್ಕು ದಿನ ಹೋಗಲೇ ಇಲ್ಲ. ಟೇಪು ಹಿಡಿದು ಕಂಬ, ಜಂತಿ, ಗೂಡು, ಒಲೆ, ಒರಳು ಎಲ್ಲ ಅಳೆದರು. ನಾನು ಅಡ್ಡ ನಿಂತಿದ್ದರೆ ನನ್ನನ್ನೂ ಅಳೆಯುತ್ತಿದ್ದರೋ ಏನೋ.

ಅವರಿಗೆ ಪ್ರಶ್ನೆಗಳೋ ಪ್ರಶ್ನೆಗಳು. "ಆಂಟಿ, ಈ ಗೋಡೆ ಯಾಕಿಷ್ಟು ದಪ್ಪ?" ಬೇಸಿಗೆಗೆ. "ಮಾಳಿಗೆಯಲ್ಲಿ ಈ ಕಿಂಡಿ ಯಾಕೆ?" ಬೆಳಕಿಗೆ. "ಅಡುಗೆಮನೆ ಗೋಡೆಯಲ್ಲಿ ಈ ಸಣ್ಣ ತೂತು?" ಗಾಳಿಗೆ ಎಂದೆ. ಅದು ಸುಳ್ಳು. ಪಡಸಾಲೆಯಲ್ಲಿ ಗಂಡಸರು ಏನು ಮಾತಾಡುತ್ತಾರೆಂದು ಕೇಳಲು ನನ್ನ ಅತ್ತೆ ಹಾರೆಕೋಲಿನಿಂದ ಕೊರೆದ ತೂತು ಅದು. ಅವರು 'ಗಾಳಿಯ ಸಂಚಾರ' ಎಂದು ಬರೆದುಕೊಂಡರು. ಈಗಲೂ ಎಲ್ಲೋ ಯಾರೋ ಅದನ್ನು ಪಾಠ ಹೇಳುತ್ತಿರಬಹುದು. ಅತ್ತೆಯ ಆತ್ಮಕ್ಕೆ ಶಾಂತಿ ಸಿಗಲಿ.

ನಾಲ್ಕನೆಯ ದಿನ ಉದ್ದ ಜಡೆಯ ಹುಡುಗಿಯೊಬ್ಬಳು ನಕ್ಷೆ ತೋರಿಸಿದಳು. ಮನೆಯ ಮಾಳಿಗೆ ತೆಗೆದು ದೇವರು ಮೇಲಿನಿಂದ ನೋಡಿದರೆ ಹೇಗೋ ಹಾಗೆ. ಕಂಬದ ಹಿಂದೆ ಪೆನ್ಸಿಲ್ಲಿನ ಒಂದು ಪುಟ್ಟ ಸೊನ್ನೆಯಿತ್ತು.

"ಇದೇನವ್ವ? ನೀರಿನ ಗಡಿಗೆ ಅಲ್ಲಿಲ್ಲಲ್ಲ?"

"ಅದು ನೀವು ಆಂಟಿ. ನಾಲ್ಕು ದಿನದಿಂದ ನೀವು ಅಲ್ಲೇ ಇದೀರಿ."

ಮೆಟ್ರಿಯ ಮೇಷ್ಟ್ರು ನನ್ನ ಸ್ಲೇಟಿನ ಮೇಲೆ ಎಷ್ಟೋ ಸೊನ್ನೆ ಬರೆದಿದ್ದಾರೆ. ಯಾವುದೂ ಹೀಗೆ ಎದೆಗೆ ತಾಕಿರಲಿಲ್ಲ. ಪಂಪಾಪತಿಯ ಪ್ಲಾನಿನಲ್ಲಿ ಸೋಫಾ ಇತ್ತು, ಟಿವಿ ಇತ್ತು, ಅಕ್ವೇರಿಯಂ ಇತ್ತು. ನಾನಿರಲಿಲ್ಲ.

ಮನೆ ಕೆಡವುತ್ತಾರೆಂದು ಕೇಳಿ ಮೇಡಂ ಮುಖ ಸಣ್ಣದಾಯಿತು. ಬುದ್ಧಿ ಹೇಳಲು ಹೋಗಲಿಲ್ಲ. "ಕೆಡವೋ ಮುಂಚೆ ಈ ಮನೇಲಿ ಒಂದು ಸಣ್ಣ ಸಿನಿಮಾ ಮಾಡ್ತೀವಿ ಸಾರ್. ನಮ್ಮ ಮಕ್ಕಳಿಗೆ ಪಾಠ ಮಾಡೋಕೆ" ಎಂದರು. ಸಿನಿಮಾ ಎಂದದ್ದೇ ತಡ, ಪಂಪಾಪತಿ ಕಪ್ಪು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಮಾಡ್ರಿ ಮೇಡಂ! ಮನಿ ನಿಮ್ದ ಅಂತ ತಿಳೀರಿ. ಏನೇನು ತಯಾರಿ ಬೇಕು ಎಲ್ಲಾ ನನಗ ಬಿಡ್ರಿ."

ಅವರು ಬಿಟ್ಟರು. ಅದೇ ತಪ್ಪಾಯಿತು.

ಹತ್ತು ದಿನ ಬಿಟ್ಟು ಅವರು ಕ್ಯಾಮೆರಾ ಸಮೇತ ಬಂದಾಗ ಮನೆ ಗುರುತು ಸಿಗದೆ ಮುಂದೆ ಹೋಗಿಬಿಟ್ಟರಂತೆ. ಸಿಗುವುದು ಹೇಗೆ? ನಮ್ಮ ಕಡೆ ಮನೆಗೆ ಫೋಟೋದವನು ಬರುತ್ತಾನೆಂದರೆ ಮೊದಲು ಬಣ್ಣ ಬಳಿಯಬೇಕು. ಮದುವೆಗೆ ಮಾಡುವುದಿಲ್ಲವೇ ಹಾಗೆ. ಪಂಪಾಪತಿ ಮೂರು ಜನ ಪೇಂಟರುಗಳನ್ನು ಹಚ್ಚಿ ಗೋಡೆಗೆಲ್ಲ ಗುಲಾಬಿ, ಬಾಗಿಲಿಗೆ ನೀಲಿ, ನಾಲ್ಕು ಕಂಬಕ್ಕೂ ಗಿಳಿಹಸಿರು ಆಯಿಲ್ ಪೇಂಟು ಹೊಡೆಸಿದ್ದ. ನಾನು ಆಗ ಕಂಪ್ಲಿಗೆ ಮದುವೆಗೆ ಹೋಗಿದ್ದೆ. ಬಂದು ನೋಡಿದರೆ ನನ್ನ ಕಂಬ ರಾಮನಗಿಳಿಯಾಗಿ ನಿಂತಿತ್ತು.

ಮೇಡಂ ಕಟ್ಟೆಯ ಮೇಲೆ ಕುಸಿದರು.

"ಅಯ್ಯೋ ಸಾರ್, ಏನ್ ಮಾಡಿಬಿಟ್ರಿ! ಹಳೇ ಮನೆ ಅಂತ ತಾನೇ ನಾವು ಬಂದಿದ್ದು?"

"ಹಳೇದು ಕ್ಯಾಮೆರಾದಾಗ ಚಂದ ಕಾಣ್ತೈತೇನ್ರಿ? ನೀವು ಬೆಂಗ್ಳೂರಿಂದ ಬರೋರು, ಹೊಲಸು ಮನಿ ತೋರಿಸಿದ್ರ ನಮ್ಮೂರ ಮಾನ ಏನಾಗಬೇಕು?"

ಹುಡುಗಿಯರು ನಗಲು ಹಿತ್ತಲಿಗೆ ಓಡಿದರು.

ಎರಡು ದಿನ ನಮ್ಮ ಮನೆಯನ್ನು ಮತ್ತೆ ಹಳೆಯದು ಮಾಡುವ ಕೆಲಸ. ಉಪ್ಪುಕಾಗದ, ಸೀಮೆಎಣ್ಣೆ ಹಿಡಿದು ಉಜ್ಜಿದ್ದೇ ಉಜ್ಜಿದ್ದು. ಗೋಡೆಗೆ ಬಳಿಯಲು ಚಹಾದ ಡಿಕಾಕ್ಷನ್ನಿಗೆ ಅದಿರಿನ ಧೂಳು ಕಲಸಿದರು. ದಿನಕ್ಕೆ ಮೂರು ಸಲ ಯಾವ ಧೂಳನ್ನು ಬೈದು ಗುಡಿಸಿ ಹಾಕುತ್ತಿದ್ದೆನೋ, ಅದನ್ನೇ ಈ ಹುಡುಗಿಯರು ನನ್ನ ಮೊರ ತೆಗೆದುಕೊಂಡು ಹೋಗಿ ರಸ್ತೆಯಿಂದ ಬಳಿದು ತಂದರು. "ಇನ್ನೊಂದು ಮೊರ ಸಿಗುತ್ತಾ ಆಂಟಿ?" ಎಂದು ಕೇಳಿದವರನ್ನು ಜೀವಮಾನದಲ್ಲಿ ಮೊದಲ ಸಲ ನೋಡಿದೆ.

ನನ್ನ ಕಂಬವನ್ನು ಮಾತ್ರ ಯಾರಿಗೂ ಮುಟ್ಟಲು ಕೊಡಲಿಲ್ಲ. ಸೀಮೆಎಣ್ಣೆಯ ಅರಿವೆ ಹಿಡಿದು ನಾನೇ ಕೂತೆ. ಬಣ್ಣದ ಜೊತೆ ಆ ಕಪ್ಪು ಗುರುತೂ ಹೋಗಿರುತ್ತದೆ ಎಂದುಕೊಂಡಿದ್ದೆ. ಆದರೆ ಕೇಳಿ, ನಿಮ್ಮಜ್ಜ ಒರಗುತ್ತಿದ್ದ ಆ ಜಾಗದಲ್ಲಿ ಬಣ್ಣ ಹಿಡಿದೇ ಇರಲಿಲ್ಲ. ಅಷ್ಟು ವರ್ಷದ ಎಣ್ಣೆಯ ಮೇಲೆ ಆಯಿಲ್ ಪೇಂಟಿನ ಆಟ ನಡೆಯುತ್ತದೆಯೇ? ಬೆರಳು ತಾಕಿಸಿದರೆ ಹಾವಿನ ಪೊರೆಯ ಹಾಗೆ ಸುಲಿದು ಬಂತು. ಕೆಳಗೆ ಕಪ್ಪು ಗುರುತು ಹಾಗೆಯೇ ಇತ್ತು. ಕೆತ್ತನೆಯ ಸಂದಿಯಲ್ಲಿ ಮಾತ್ರ ಒಂದಿಷ್ಟು ಹಸಿರು ಉಳಿಯಿತು. ಅದೇ ನಿಮ್ಮ ಗಿಳಿ.

ಸಿನಿಮಾದ ಕತೆ ಹೆಚ್ಚೇನಿಲ್ಲ. ಕೆಡವಲು ಹೊರಟ ಮನೆ, ಒಳಗೊಬ್ಬಳು ಮುದುಕಿ. ಅವಳಿಗೆ ಒಂದೇ ಮಾತು: "ಈ ಮನಿ ಕೆಡವಬ್ಯಾಡಪ್ಪ, ನಾ ಇರೋ ತನಕ ಇರ್ಲಿ." ಆ ಪಾತ್ರಕ್ಕೆ ಮರಿಯಮ್ಮನಹಳ್ಳಿಯಿಂದ ನಾಟಕದ ಕಲಾವಿದೆಯೊಬ್ಬರು ಬರಬೇಕಿತ್ತು. ಅವರು ಹೊರಟದ್ದು ನಿಜ. ಆದರೆ ರಸ್ತೆಯಲ್ಲಿ ಅದಿರಿನ ಲಾರಿಗಳು ಇರುವೆ ಸಾಲಿನಂತೆ ನಿಂತುಬಿಟ್ಟಿದ್ದವು. ಹನ್ನೊಂದಕ್ಕೆ ಫೋನು ಮಾಡಿದರೆ "ಇನ್ನೂ ಅಲ್ಲೇ ಅದೀನ್ರಿ", ಒಂದಕ್ಕೆ ಮಾಡಿದರೂ "ಅಲ್ಲೇ ಅದೀನ್ರಿ". ಆ ಸಾಲಿನಲ್ಲಿ ಪಂಪಾಪತಿಯ ಟಿಪ್ಪರೂ ಒಂದಿತ್ತು ಎಂಬುದನ್ನು ನಾವು ಮೇಡಂಗೆ ಹೇಳಲಿಲ್ಲ.

ಬಿಸಿಲು ಇಳಿಯತೊಡಗಿತು. ಮೇಡಂ ಕಂಬದ ಹಿಂದೆ ಬಂದು ನನ್ನ ಕೈ ಹಿಡಿದರು.

"ಅಮ್ಮಾ, ನೀವೇ ಹೇಳಿಬಿಡಿ. ಒಂದೇ ಮಾತು."

"ನಾ ಒಲ್ಲೆ ರಿ. ನನಗ ಭಾಳ ನಾಚಿಕಿ."

"ಕಂಬದ ಹಿಂದೆಯೇ ನಿಂತು ಹೇಳಿ. ಆಚೆ ಬರಬೇಡಿ."

ಈ ಮಾತು ಅವರಿಗೆ ಯಾರು ಕಲಿಸಿದರೋ! ನಾನು ಒಪ್ಪಿದೆ. ತಲೆಗೆ ಪೌಡರ್ ಬಳಿದು ಮುದುಕಿ ಮಾಡಿದರು. ಮನೆ, ಮನೆಯಾಕೆ ಇಬ್ಬರೂ ಒಂದೇ ವಾರದಲ್ಲಿ ಹಳಬರಾದೆವು.

ಎದುರಿಗೆ ಪಂಪಾಪತಿ. ನನ್ನ ಮುಖದ ಮೇಲೆ ಬೆಳಕು ಬೀಳಿಸಲು ಬಿಳಿಯ ಥರ್ಮೋಕೋಲ್ ಹಲಗೆ ಹಿಡಿಯುವ ಕೆಲಸವನ್ನು ಅವನೇ ಹಟ ಮಾಡಿ ತೆಗೆದುಕೊಂಡಿದ್ದ. ಹಲಗೆಯ ಮೇಲಂಚಿನಲ್ಲಿ ಅವನ ಎರಡು ಕಣ್ಣು. ಕ್ಯಾಮೆರಾದವನು "ಆ ಹಲಗೆ ನೋಡಿ ಹೇಳಿ ಅಮ್ಮಾ" ಎಂದ.

ಮೊದಲನೆಯ ಸಲ ದನಿಯೇ ಹೊರಡಲಿಲ್ಲ. ಎರಡನೆಯ ಸಲ ಲಾರಿಯೊಂದು ಹಾರ್ನ್ ಹೊಡೆಯಿತು. ಮೂರನೆಯ ಸಲ ಮಾತು ಬಂತು. "ಈ ಮನಿ ಕೆಡವಬ್ಯಾಡಪ್ಪ, ನಾ ಇರೋ ತನಕ ಇರ್ಲಿ."

"ಓಕೆ! ತುಂಬಾ ಚೆನ್ನಾಗಿ ಬಂತು" ಎಂದರು ಮೇಡಂ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಂಪಾಪತಿ ಹಲಗೆ ಬಗಲಲ್ಲಿಟ್ಟು ತಟ್ಟಿದ. "ಅತ್ತಿಗೆಮ್ಮ, ಮಸ್ತ್ ಆ್ಯಕ್ಟಿಂಗ್!"

ಆ್ಯಕ್ಟಿಂಗ್! ಅಷ್ಟು ದಿನದಿಂದ ಗಂಟಲಲ್ಲಿದ್ದ ಮಾತು ಹೊರಗೆ ಬಂದರೆ ಅದಕ್ಕೆ ಆ್ಯಕ್ಟಿಂಗ್ ಎಂದು ಹೆಸರು. ನನಗೆ ಎಲ್ಲಿಂದ ಧೈರ್ಯ ಬಂತೋ.

"ಮೇಡಂ, ಸರಿ ಬಂದಿಲ್ಲ ಅನ್ನಸ್ತೈತಿ. ಇನ್ನೊಂದು ಸಲ ಹೇಳ್ಲ್ಯಾ?"

ಮೇಡಂ ನನ್ನನ್ನೇ ನೋಡಿದರು. ಆಮೇಲೆ ಪಂಪಾಪತಿಯನ್ನು ನೋಡಿದರು. "ಒನ್ ಮೋರ್" ಎಂದರು.

ನಾಲ್ಕನೆಯ ಸಲ ಹೇಳಿದೆ. ಐದನೆಯ ಸಲ "ಕೆಡವಬ್ಯಾಡ ಪಂಪಾಪತಿ" ಎಂದೆ. ಕ್ಯಾಮೆರಾದವನು "ಅಮ್ಮಾ, ಸ್ಕ್ರಿಪ್ಟಿನಲ್ಲಿ ಹೆಸರಿಲ್ಲ" ಎಂದ. ಮೇಡಂ ಅವನ ಭುಜ ಮುಟ್ಟಿ ಸುಮ್ಮನಿರಿಸಿ ಮತ್ತೆ "ಒನ್ ಮೋರ್" ಎಂದರು. ಚಪ್ಪಾಳೆ ನಿಂತಿತ್ತು. ಹಲಗೆಯ ಬೆಳಕು ನನ್ನ ಮುಖದ ಮೇಲೆ ಸ್ವಲ್ಪ ಅಲುಗಾಡುತ್ತಿತ್ತು.

ಆರನೆಯ ಸಲ ನನಗೆ ಮಾತು ಸಾಲದೆನಿಸಿತು. ಬೆರಳ ಗೆಣ್ಣಿನಿಂದ ಕಂಬಕ್ಕೆ ಬಡಿದೆ. ಟಕ್, ಟಕ್.

ಆ ಸದ್ದು ಕೇಳಿಕೊಂಡೇ ಬೆಳೆದವನು ಪಂಪಾಪತಿ. ಹಲಗೆ ಮೆಲ್ಲಗೆ ಕೆಳಗಿಳಿಯಿತು. ಕಪ್ಪು ಕನ್ನಡಕವನ್ನು ಹಣೆಗೇರಿಸಿ, ಕಂಬದ ಆ ಕಪ್ಪು ಗುರುತನ್ನು ಮೊದಲ ಸಲ ಕಂಡವನಂತೆ ನೋಡಿದ.

"ಸಾಕ್ರಿ ಮೇಡಂ" ಎಂದ. "ನನಗ ಕೇಳಿಸ್ತು." ನನ್ನ ಕಡೆ ತಿರುಗಿ, "ಕೆಡವಂಗಿಲ್ಲ ಅತ್ತಿಗೆಮ್ಮ. ಮೊದಲ ಹೇಳೋದಲ್ಲೇನ್ರಿ? ಸುಮ್ನ ಪೇಂಟಿಗೆ ದಂಡ ಆತು" ಎಂದ.

ಬೆಳಿಗ್ಗೆ ಎದ್ದು ಮನಸ್ಸು ಬದಲಾಯಿಸಲು ಅವನಿಗೆ ದಾರಿಯಿರಲಿಲ್ಲ. ಉದ್ದ ಜಡೆಯ ಹುಡುಗಿ ತನ್ನ ಸಣ್ಣ ಕ್ಯಾಮೆರಾದಲ್ಲಿ ಅವನನ್ನೇ ಹಿಡಿಯುತ್ತ ನಿಂತಿದ್ದಳು. ಎರಡು ತಿಂಗಳ ಮೇಲೆ ಮೇಡಂ ಬಂದು, ಇದೇ ಪಡಸಾಲೆಯ ಎರಡು ಕಂಬಗಳ ನಡುವೆ ಬಿಳಿ ಧೋತರ ಕಟ್ಟಿ, ಊರಿನವರಿಗೆಲ್ಲ ಸಿನಿಮಾ ತೋರಿಸಿದರು. ನನ್ನ ಮುಖ ಅದರಲ್ಲಿ ಎಲ್ಲಿಯೂ ಇಲ್ಲ. ಕಂಬವಿದೆ, ನನ್ನ ದನಿಯಿದೆ, ಟಕ್ ಟಕ್ ಇದೆ. ಆಮೇಲೆ ಹಲಗೆ ಇಳಿದು, ಕಣ್ಣು ಕೆಂಪಾದ ಪಂಪಾಪತಿಯ ಮುಖ ಧೋತರದ ತುಂಬ. "ಕೆಡವಂಗಿಲ್ಲ" ಎಂದಾಗ ಜನ ಶಿಳ್ಳೆ ಹೊಡೆದರು. ಅಂದಿನಿಂದ ಹೊಸಪೇಟೆಯ ಲಾರಿಗಳವರು ಅವನನ್ನು ಹೀರೋ ಎಂದೇ ಕರೆಯುವುದು. ಹೀರೋ ಆದವನು ಕೊಟ್ಟ ಮಾತು ಮುರಿಯುತ್ತಾನೆಯೇ? ಕಂಬವಿಲ್ಲದ ಆ ಹಾಲ್ ಅನ್ನು ಹಿತ್ತಲಲ್ಲಿ ಎತ್ತಿದ. ನೀವು ಕ್ರಿಕೆಟ್ ಆಡಿ ಟಿವಿ ಒಡೆದದ್ದು ಅಲ್ಲೇ.

ನಾನು ಅಂದೂ ಸಿನಿಮಾವನ್ನು ಕಂಬದ ಹಿಂದಿನಿಂದ ಅರ್ಧವೇ ನೋಡಿದೆ. ಮೂರನೆಯ ಸಲವೇ ಸರಿಯಾಗಿ ಬಂದಿತ್ತೆಂದು, ಉಳಿದದ್ದೆಲ್ಲ ನನ್ನ ಕಿತಾಪತಿಯೆಂದು ಸಣ್ಣಜ್ಜನಿಗೆ ಹೇಳಬೇಡಿ. ಒಂದೇ ಮಾತಿಗೆ ಆರು ಸಲ ಬೇಕಾಯಿತಲ್ಲ ಎಂದು, ಅವನು ಇವತ್ತಿಗೂ ನನಗೆ ಆ್ಯಕ್ಟಿಂಗ್ ಬರುವುದಿಲ್ಲವೆಂದೇ ತಿಳಿದಿದ್ದಾನೆ.

ಹಾಳೆಗಳು ಮುಗಿದವು, ಬೆನ್ನೂ ನೋಯುತ್ತಿದೆ. ನಾನು ಎಲ್ಲಿ ಕುಳಿತು ಬರೆಯುತ್ತಿದ್ದೇನೆಂದು ನಿಮಗೆ ಗೊತ್ತೇ ಇದೆ. ಅಷ್ಟು ವರ್ಷ ನಿಮ್ಮಜ್ಜ ಬಡಿದದ್ದನ್ನು ಕೇಳಿ ಎದ್ದವಳು ನಾನು. ಈಗ ನಾನೇ ಎರಡು ಸಲ ಬಡಿಯುತ್ತೇನೆ. ಸಕ್ಕರೆ ಕಡಿಮೆ ಇರಲಿ.